ಅಜ್ಜಿಯ ಶ್ರುತಿಯಲ್ಲಿ ಜೀರುಂಡೆ

ಈ ಮಳೆಗಾಲದಲ್ಲಿ ಅಮ್ಮನ ಶ್ರುತಿಪೆಟ್ಟಿಗೆಯ ತಿದಿ ಹರಿಯಿತು. ರಿಪೇರಿ ಮಾಡುವವರು ಸಿಗಲಿಲ್ಲ. ದಿನಾ ಬೆಳಿಗ್ಗೆ ಹಾಡಿಕೊಳ್ಳುತ್ತಿದ್ದವರು ಹಾಡುವುದನ್ನೇ ಬಿಟ್ಟರು. ಮನೆ ಬಿಕೋ ಎನ್ನುತ್ತಿತ್ತು.

ದಸರಾ ರಜೆಗೆ ಬಂದ ತಂಗಿಯ ಮಗಳು, ಒಂಬತ್ತನೇ ಕ್ಲಾಸಿನವಳು, "ಮಾಮ, ಅಜ್ಜಿಗೆ ಕಂಪ್ಯೂಟರಿನಲ್ಲೇ ಶ್ರುತಿ ಮಾಡಿಕೊಡ್ತೀನಿ" ಎಂದಳು. ಗ್ರಾಫ್ ಹಾಳೆಯ ಮೇಲೆ ಗುಡ್ಡ, ಕಣಿವೆಯಂಥ ಒಂದು ಅಲೆ ಬರೆದಳು. ಅದರ ಎತ್ತರವನ್ನು 32 ಕಡೆ ಅಳೆದು ಪಟ್ಟಿ ಮಾಡಿ, ಆ ಸಂಖ್ಯೆಗಳನ್ನೇ ಮತ್ತೆ ಮತ್ತೆ ಓದಿ ಸ್ಪೀಕರಿಗೆ ಕಳಿಸುವಂತೆ ಪ್ರೋಗ್ರಾಮ್ ಬರೆದಳು. ಸಿಂಥಸೈಜರುಗಳಲ್ಲಿ ಇಂಥ ಪಟ್ಟಿಗೆ ವೇವ್‌ಟೇಬಲ್ ಎನ್ನುತ್ತಾರೆ. ನಮ್ಮ ಮಗ್ಗಿ ಪುಸ್ತಕದ ಹಾಗೆಯೇ: ಲೆಕ್ಕ ಮೊದಲೇ ಮಾಡಿಟ್ಟಿರುತ್ತದೆ, ಬೇಕಾದಾಗ ನೋಡಿ ಹೇಳಿದರಾಯಿತು.

ಸ್ವರ ಬಂತು. ಅಮ್ಮ ಎರಡು ನಿಮಿಷ ಕೇಳಿ, "ಇದರೊಳಗೆ ಜೀರುಂಡೆ ಕೂತಿದೆ ಕಣೇ" ಎಂದು ಎದ್ದುಹೋದರು. ಹುಡುಗಿಯ ಮುಖ ಸಪ್ಪಗಾಯಿತು.

ಜೀರುಂಡೆ ಎಲ್ಲಿಂದ ಬಂತು? ಅಮ್ಮನದು ಐದು ಮನೆ ಶ್ರುತಿ, ಅಂದರೆ ಸೆಕೆಂಡಿಗೆ ಸುಮಾರು 196 ಕಂಪನ. ನಮ್ಮ ಕಂಪ್ಯೂಟರ್ ಸ್ಪೀಕರಿಗೆ ಸೆಕೆಂಡಿಗೆ 44,100 ಸಂಖ್ಯೆ ಕೊಡುತ್ತದೆ. ಭಾಗಿಸಿ ನೋಡಿ, ಒಂದು ಕಂಪನಕ್ಕೆ 225 ಸಂಖ್ಯೆ ಬೇಕು. ಅವಳ ಹತ್ತಿರ ಇದ್ದದ್ದು 32. ಹಾಗಾಗಿ ಪ್ರೋಗ್ರಾಮ್ ಒಂದೊಂದನ್ನೂ ಏಳೇಳು ಸಲ ಹೇಳಿ, ಆಮೇಲೆ ಧಡಕ್ಕೆಂದು ಮುಂದಿನದಕ್ಕೆ ಹಾರುತ್ತಿತ್ತು. ನುಣುಪಾದ ಗುಡ್ಡ ಮೆಟ್ಟಿಲಾಗಿತ್ತು. ಸೆಕೆಂಡಿಗೆ ಆರು ಸಾವಿರಕ್ಕೂ ಹೆಚ್ಚು ಮೆಟ್ಟಿಲು! ಅವುಗಳ ಅಂಚೇ ಆ ಝೀ ಸದ್ದು.

ಇದಕ್ಕೆ ಉಪಾಯ, ನಡುವಿನದನ್ನು ತುಂಬುವುದು. ಪಟ್ಟಿಯಲ್ಲಿ ಒಂದು ಸಂಖ್ಯೆ 40, ಮುಂದಿನದು 54 ಎಂದಿಟ್ಟುಕೊಳ್ಳಿ. 40, 40, 40 ಎಂದು ಜಪ ಮಾಡುವ ಬದಲು 40, 42, 44, 46 ಎಂದು ಹತ್ತುತ್ತ ಹೋದರೆ ಮೆಟ್ಟಿಲು ಇಳಿಜಾರಾಗುತ್ತದೆ. ಪ್ರೋಗ್ರಾಮಿಗೆ ಅವಳು ಸೇರಿಸಿದ್ದು ಎರಡೇ ಸಾಲು. (ನಾನು ಮಾಡಿದ್ದು ಕಾಫಿ ಮಾತ್ರ.) ಜೀರುಂಡೆ ಹೆಚ್ಚುಕಡಿಮೆ ಹಾರಿಹೋಯಿತು.

ಅಮ್ಮ ಮತ್ತೆ ಕೇಳಿದರು. "ಸದ್ದೇನೋ ನುಣ್ಣಗಿದೆ. ಆದರೆ ಉಸಿರಿಲ್ಲ."

ಅದೂ ನಿಜ. ತಂಬೂರಿ ಮೀಟಿದಾಗ ನಾದದ ಬಣ್ಣ ಕ್ಷಣಕ್ಷಣಕ್ಕೂ ಹೊರಳುತ್ತದೆ. ಒಂದೇ ಅಲೆಗೆ ಆ ಹೊರಳಿಕೆ ಎಲ್ಲಿಂದ ಬರಬೇಕು? ಇಲ್ಲಿ ನೆನಪಾದವರು ಜರ್ಮನಿಯ ಹ್ಯಾಂಬರ್ಗಿನ ವೋಲ್ಫ್‌ಗಾಂಗ್ ಪಾಲ್ಮ್. 1980ರ ದಶಕದ ಆರಂಭದಲ್ಲಿ ಅವರ ಪಿಪಿಜಿ ಕಂಪನಿಯ ವೇವ್ ಸಿಂಥಸೈಜರಿನ ಒಂದು ಪಟ್ಟಿಯಲ್ಲಿ 64 ಅಲೆಗಳ ಸಾಲೇ ಇರುತ್ತಿತ್ತು. ಮೆಮೊರಿ ಆಗ ತುಟ್ಟಿ. ಅದಕ್ಕೆ ಕೆಲವು ಅಲೆಗಳನ್ನಷ್ಟೇ ಇಟ್ಟು ನಡುವಿನವನ್ನು ಲೆಕ್ಕ ಹಾಕಿ ತುಂಬುತ್ತಿದ್ದರು. ಸ್ವರ ನುಡಿಯುತ್ತಿರುವಾಗಲೇ ಆ ಸಾಲಿನ ಉದ್ದಕ್ಕೂ ಸಾಗಬಹುದಿತ್ತು. ಆ ಯಂತ್ರಗಳ ಸದ್ದು ತುಸು ಒರಟು. ಆ ಒರಟುತನವೇ ಇಷ್ಟವೆನ್ನುವ ಸಂಗೀತಗಾರರು ಇಂದಿಗೂ ಇದ್ದಾರೆ. ಅಮ್ಮ ಅವರ ಪೈಕಿ ಅಲ್ಲ.

ಹುಡುಗಿ ಇನ್ನೊಂದು ಅಲೆ ಬರೆದಳು, ಮೊದಲಿನದಕ್ಕಿಂತ ಚೂಪಾದದ್ದು. ಮುಕ್ಕಾಲು ಪಾಲು ಅದು, ಕಾಲು ಪಾಲು ಇದು. ಆಮೇಲೆ ಅರ್ಧ, ಅರ್ಧ. ಹೀಗೆ ನಾಲ್ಕು ಸೆಕೆಂಡಿನಲ್ಲಿ ಒಂದರಿಂದ ಇನ್ನೊಂದಕ್ಕೆ ಮೆಲ್ಲಗೆ ಹೋಗಿ ಬರುವಂತೆ ಮಾಡಿದಳು.

ಅಡುಗೆಮನೆಯಲ್ಲಿ ಹುರುಳಿಕಾಯಿ ಹೆಚ್ಚುತ್ತಿದ್ದ ಅಮ್ಮ ಸಣ್ಣಗೆ ಷಡ್ಜ ಹಿಡಿದರು. ನಾವಿಬ್ಬರೂ ಅಲ್ಲಾಡದೆ ಕೂತೆವು.

"ಎಲ್ಲ ಸರಿ, ಪಂಚಮ ಎಲ್ಲೇ?" ಒಳಗಿನಿಂದ ಪ್ರಶ್ನೆ ಬಂತು.

ಪಂಚಮಕ್ಕೆ ಒಂದು ಕಂಪನಕ್ಕೆ 225ರ ಬದಲು 150 ಸಂಖ್ಯೆ. ನಾನು ಹೇಳುವಷ್ಟರಲ್ಲಿ ಅವಳು ಭಾಗಾಕಾರ ಮುಗಿಸಿದ್ದಳು.