ನಾಲ್ಕು ಬೇಟೆಗಾರರು, ಒಂದು ರಾಕ್ಷಸ ಮತ್ತು ನಮ್ಮ ಬಿಸಿಲೆ ಕಾಡು

ಗೆಳೆಯರೇ, ಇವತ್ತು ಒಂದು ವಿಡಿಯೋ ಗೇಮ್ ಬಗ್ಗೆ ಬರೀತಿದ್ದೀನಿ. ಐವತ್ತು ದಾಟಿದ ಮೇಲೆ ಇವನಿಗೇನಾಯ್ತು ಅಂತ ನಗಬೇಡಿ. ಪೂರ್ತಿ ಓದಿ, ಆಮೇಲೆ ಬೇಕಾದ್ರೆ ಬೈಯಿರಿ.

ಹೋದ ತಿಂಗಳು ಅಕ್ಕನ ಮಗ ಬೆಂಗಳೂರಿಂದ ಊರಿಗೆ ಬಂದಿದ್ದ. ಊರು ಅಂದ್ರೆ ನಮ್ಮ ಬಿಸಿಲೆ ಕಡೆ. ಮಳೆ ಹಿಡಿದರೆ ಕರೆಂಟ್ ಹೋಗುತ್ತೆ, ನೆಟ್‌ವರ್ಕ್ ಬೇಕಂದ್ರೆ ರಸ್ತೆ ತಿರುವಿಗೆ ಹೋಗಿ ನಿಲ್ಲಬೇಕು. ಹುಡುಗ ಬೇಜಾರಾಗಿ ಲ್ಯಾಪ್‌ಟಾಪ್ ತೆಗೆದು ಒಂದು ಹಳೇ ಗೇಮ್ ಹಾಕಿದ. ಹೆಸರು ‘ಇವಾಲ್ವ್’. ಅಮೆರಿಕದ ಟರ್ಟಲ್ ರಾಕ್ ಸ್ಟುಡಿಯೋಸ್‌ನವರು ಮಾಡಿದ್ದು, 2015ರ ಫೆಬ್ರವರಿಯಲ್ಲಿ ಬಂದದ್ದು. ಐದು ಜನ ಐದು ಕಡೆ ಕೂತು ಇಂಟರ್ನೆಟ್‌ನಲ್ಲಿ ಆಡೋ ಆಟ. ಆದರೆ ಒಬ್ಬನೇ ಇದ್ರೂ ಆಡಬಹುದು, ಉಳಿದ ನಾಲ್ವರ ಜಾಗದಲ್ಲಿ ಕಂಪ್ಯೂಟರೇ ಆಡುತ್ತೆ.

ಆಟ ಸರಳ. ಶಿಯರ್ ಅನ್ನೋ ಒಂದು ಗ್ರಹ. ಎಲ್ಲಾ ಕಡೆ ಕಾಡು. ಮನುಷ್ಯರು ಬಂದು ಅಲ್ಲಿ ನೆಲೆ ಊರಿದ್ದಾರೆ, ಕರೆಂಟ್ ಸ್ಟೇಷನ್ ಕಟ್ಟಿದ್ದಾರೆ. ಆ ಕಾಡಲ್ಲಿ ಒಂದು ಮಾನ್‌ಸ್ಟರ್, ಅಂದ್ರೆ ರಾಕ್ಷಸ. ಅದನ್ನ ಹೊಡೆಯೋಕೆ ನಾಲ್ಕು ಜನ ಬೇಟೆಗಾರರು. ಒಬ್ಬ ಎದುರು ನಿಂತು ಗುಂಡು ಹಾರಿಸೋನು, ಒಬ್ಬ ಬಲೆ ಹಾಕೋನು, ಒಬ್ಬ ಗಾಯ ವಾಸಿ ಮಾಡೋನು, ಇನ್ನೊಬ್ಬ ಎಲ್ಲರಿಗೂ ಬೆಂಬಲ ಕೊಡೋನು. ನಾಲ್ಕು ಜನ ಒಂದು ಕಡೆ, ಒಂದೇ ಒಂದು ಪ್ರಾಣಿ ಇನ್ನೊಂದು ಕಡೆ.

ನಾನು ಮೊದಲು ರಾಕ್ಷಸ ಆದೆ. ಶುರುವಿನಲ್ಲಿ ರಾಕ್ಷಸನಿಗೆ ಶಕ್ತಿ ಕಡಿಮೆ. ಓಡಬೇಕು, ಅಡಗಬೇಕು, ಸಿಕ್ಕಿದ ಪ್ರಾಣಿ ತಿಂದು ಬೆಳೀಬೇಕು. ಜೋರಾಗಿ ಓಡಿದರೆ ಹೆಜ್ಜೆ ಗುರುತು ಬೀಳುತ್ತೆ. ಹಕ್ಕಿಗಳ ಹತ್ತಿರ ಹೋದರೆ ಪುರ್ರಂತ ಹಾರಿ ಬೇಟೆಗಾರರಿಗೆ ಜಾಗ ತೋರಿಸಿಬಿಡ್ತವೆ. ಎರಡು ಸಲ ಬೆಳೆದು ಮೂರನೇ ಹಂತ ಮುಟ್ಟಿದರೆ ಲೆಕ್ಕ ತಿರುಗುತ್ತೆ, ಆಗ ಬೇಟೆಗಾರರು ಓಡಬೇಕು. ನಾನು ಮೂರನೇ ಹಂತ ನೋಡಲೇ ಇಲ್ಲ. ಬಲೆಯವನು ಮೇಲಿಂದ ಒಂದು ದೊಡ್ಡ ಗುಮ್ಮಟ ಬೀಳಿಸಿ ಒಳಗೆ ಹಾಕಿಬಿಟ್ಟ. ಸುತ್ತ ಗೋಡೆ, ಒಳಗೆ ನಾಲ್ಕು ಜನ, ನಡುವೆ ನಾನು.

ಆ ಗುಮ್ಮಟದೊಳಗೆ ನನಗೆ ನೆನಪಾದದ್ದು ಕಂಬಾಲಪಲ್ಲಿ. 2000ದ ಮಾರ್ಚ್ 11. ಏಳು ಜನ ದಲಿತರನ್ನ ಮನೆಯೊಳಗೇ ಸುಟ್ಟರು. ಕೋರ್ಟಿನಲ್ಲಿ ಎಲ್ಲರೂ ಖುಲಾಸೆ. ಆಟ ನೋಡ್ತಾ ಇಂಥದ್ದೆಲ್ಲ ಯಾಕೆ ನೆನಪಾಗುತ್ತೆ ಅಂತ ಕೇಳೋರು ಕೇಳಲಿ. ನೆನಪಾಗುತ್ತೆ, ಅಷ್ಟೇ.

ಸೋತ ಸಿಟ್ಟಿಗೆ ಹುಡುಗನ್ನ ಕೇಳಿದೆ: ‘ಇದೇನೋ ಅನ್ಯಾಯ, ನಾಲ್ಕು ಜನಕ್ಕೆ ಒಬ್ಬನಾ?’ ಅವನು ಹೇಳಿದ: ‘ಅದಕ್ಕೇ ಮಾವ ರಾಕ್ಷಸನಿಗೆ ಜೀವ ಜಾಸ್ತಿ, ಹೊಡೆತ ಜಾಸ್ತಿ ಕೊಟ್ಟಿರೋದು. ಎರಡೂ ಕಡೆಗೆ ಒಂದೇ ಶಕ್ತಿ ಕೊಟ್ರೆ ಒಬ್ಬ ನಾಲ್ಕು ಜನರ ಎದುರು ಒಂದು ನಿಮಿಷ ನಿಲ್ಲಲ್ಲ. ಆಗ ಅದು ಆಟ ಅಲ್ಲ, ಒಬ್ಬನನ್ನ ಸೇರಿ ಹೊಡೆಯೋದು.’

ಗೆಳೆಯರೇ, ಈ ಮಾತನ್ನ ಇನ್ನೊಂದು ಸಲ ಓದಿ. ನಾವು ಮೀಸಲಾತಿ ಬಗ್ಗೆ, ಅಟ್ರಾಸಿಟಿ ಕಾಯ್ದೆ ಬಗ್ಗೆ ಎಷ್ಟು ವರ್ಷದಿಂದ, ಎಷ್ಟು ವೇದಿಕೆಯಲ್ಲಿ ಗಂಟಲು ಹರಕೊಂಡು ಹೇಳ್ತಿರೋದು ಇದನ್ನೇ ಅಲ್ವಾ?

ಇಂಥ ಆಟಕ್ಕೆ ಗೇಮಿನವರ ಭಾಷೆಯಲ್ಲಿ ‘ಅಸಿಮ್ಮೆಟ್ರಿಕಲ್’ ಅಂತಾರಂತೆ. ಎರಡು ಕಡೆ ಸಮ ಇಲ್ಲದ ಆಟ. ಸಮ ಇಲ್ಲ ಅನ್ನೋದನ್ನ ಆಟ ಮುಚ್ಚಿಡಲ್ಲ, ಮೊದಲೇ ಒಪ್ಕೊಂಡು ನಿಯಮ ಬರೆಯುತ್ತೆ. ಒಂದು ಕಡೆಯವರೇ ಸೋಲ್ತಾ ಇದ್ರೆ ನಿಯಮ ತಿದ್ದುತ್ತಾರೆ. ಅದಕ್ಕೆ ‘ಬ್ಯಾಲೆನ್ಸ್’ ಅಂತ ಹೆಸರು. ಹುಡುಗನ ಜೊತೆ ಹಿಂದೆ ಇದನ್ನ ಆಡ್ತಿದ್ದ ಆಫೀಸಿನ ಗೆಳೆಯರಿಗೆ ಇದು ಒಂದೇ ಸಂಜೆಗೆ ಅರ್ಥ ಆಯ್ತಂತೆ. ಅದೇ ಗೆಳೆಯರು ಊಟದ ಟೇಬಲ್ಲಿಗೆ ಬಂದ್ರೆ, ‘ಇಬ್ಬರಿಗೂ ಒಂದೇ ಕಟ್ ಆಫ್ ಇರಬೇಕಪ್ಪ, ಮೆರಿಟ್ ಅಂದ್ರೆ ಮೆರಿಟ್’ ಅಂತಾರಂತೆ. ಕಾಲ್ಪನಿಕ ಪ್ರಾಣಿಗೆ ಸಿಕ್ಕ ನ್ಯಾಯ ಪಕ್ಕದಲ್ಲಿ ಕೂತ ಮನುಷ್ಯನಿಗೆ ಯಾಕೆ ಸಿಗಲ್ಲ? ಅವರಿಗೆ ಬುದ್ಧಿ ಇಲ್ಲ ಅಂತ ಅಲ್ಲ. ಆಟದಲ್ಲಿ ಒಪ್ಕೊಂಡ್ರೆ ಅವರು ಏನೂ ಕಳ್ಕೊಳ್ಳಲ್ಲ. ಇಲ್ಲಿ ಒಪ್ಕೊಂಡ್ರೆ ಕಳ್ಕೊಳ್ಳೋದಿದೆ.

1989ರ ದೌರ್ಜನ್ಯ ತಡೆ ಕಾಯ್ದೆ ಇಂಥದ್ದೇ ಒಂದು ತಿದ್ದುಪಡಿ. ಊರಿಗೆ ಊರೇ ಒಂದು ಕಡೆ, ಕೇರಿಯ ಒಂದು ಮನೆ ಇನ್ನೊಂದು ಕಡೆ ಇರುವಾಗ ನಿರೀಕ್ಷಣಾ ಜಾಮೀನು ಸಿಕ್ಕರೆ ಸಾಕ್ಷಿ ಉಳಿಯಲ್ಲ ಅಂತ ಗೊತ್ತಿದ್ದೇ 18ನೇ ಸೆಕ್ಷನ್ ಬರೆದರು. 2018ರ ಮಾರ್ಚ್ 20ರಂದು ಸುಪ್ರೀಂ ಕೋರ್ಟ್ ಅದರ ಹಲ್ಲು ಕಿತ್ತಿತು. ದೂರು ಬಂದರೆ ಮೊದಲು ಪ್ರಾಥಮಿಕ ವಿಚಾರಣೆ, ಬಂಧಿಸೋಕೆ ಮೇಲಿನವರ ಅನುಮತಿ ಅಂದಿತು. ಏಪ್ರಿಲ್ 2ರ ಭಾರತ ಬಂದ್ ನಿಮಗೆಲ್ಲ ನೆನಪಿದೆ. ಉತ್ತರ ಭಾರತದಲ್ಲಿ ನಮ್ಮವರು ಪ್ರಾಣ ಕೊಟ್ಟರು. ಆಮೇಲೆ ಆಗಸ್ಟ್‌ನಲ್ಲಿ ಸಂಸತ್ತು 18ಎ ಸೇರಿಸಿತು, 2019ರ ಅಕ್ಟೋಬರ್ 1ರಂದು ಕೋರ್ಟೇ ತನ್ನ ನಿರ್ದೇಶನಗಳನ್ನ ವಾಪಸ್ ತಗೊಂಡಿತು. ಗೇಮಿನಲ್ಲಿ ಬ್ಯಾಲೆನ್ಸ್ ಸರಿಯಿಲ್ಲ ಅಂದ್ರೆ ಕಂಪನಿಗೆ ದೂರು ಬರೀತಾರೆ. ನಾವು ಬೀದಿಗೆ ಬಂದು ಸಾಯಬೇಕು.

‘ಹಾಗಾದ್ರೆ ದಲಿತರು ರಾಕ್ಷಸರು ಅಂತೀರಾ?’ ಕಾಮೆಂಟಿನಲ್ಲಿ ಕೇಳೋರಿಗೆ ಮೊದಲೇ ಹೇಳ್ತೀನಿ. ಆಟದಲ್ಲಿ ರಾಕ್ಷಸ ಅನ್ನೋ ಹೆಸರಿನ ಜೊತೆ ಶಕ್ತಿನೂ ಕೊಡ್ತಾರೆ. ನಮ್ಮಲ್ಲಿ ಹೆಸರು ಮಾತ್ರ ಕೊಟ್ಟರು, ಶಕ್ತಿ ಕಿತ್ಕೊಂಡರು. ಮಹಿಷ ರಾಕ್ಷಸ ಆದದ್ದು ಹೀಗೇ ಅಂತ ತಾನೇ ನಾವು ಮೈಸೂರಿನಲ್ಲಿ ಮಹಿಷ ದಸರಾ ಮಾಡೋದು? ಕಥೆ ಬರೆಯೋನು ಬೇಟೆಗಾರರ ಕಡೆಯವನಾದ್ರೆ, ಬೇಟೆಗೆ ಸಿಕ್ಕಿದ್ದೆಲ್ಲ ರಾಕ್ಷಸನೇ.

ಈಗ ಬಿಸಿಲೆಗೆ ಬರ್ತೀನಿ. ಯಾಕಂದ್ರೆ ಈ ಆಟ ನಮ್ಮ ಗುಡ್ಡದಲ್ಲಿ ದಿನಾ ನಡೀತಿದೆ, ಲ್ಯಾಪ್‌ಟಾಪ್ ಬೇಡ.

ಸಕಲೇಶಪುರ, ಆಲೂರು ಕಡೆ ಆನೆ ಹಾವಳಿ ಅಂತ ಪೇಪರಿನಲ್ಲಿ ಓದಿರ್ತೀರಿ. ಆನೆ ಓಡಾಡ್ತಿದ್ದ ಕಾಡು ಕಾಫಿ ತೋಟ ಆಯ್ತು. ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟು ಬಂದು ಎಷ್ಟೋ ನೆಲ ಮುಳುಗಿತು. ಆಮೇಲೆ ಆನೆ ಹಳೇ ದಾರೀಲಿ ಬಂದ್ರೆ ಅದಕ್ಕೆ ಪುಂಡಾನೆ ಅಂತ ಹೆಸರು. 2014ರಲ್ಲಿ ಈ ಭಾಗದಿಂದ 22 ಆನೆ ಹಿಡಿದು ಸಾಗಿಸಿದರು. ಜಾಗ ಖಾಲಿ ಉಳೀಲಿಲ್ಲ, ಬೇರೆ ಆನೆ ಬಂದವು.

ಆನೆ ಪರ ಕವಿತೆ ಬರೀತಿಲ್ಲ ನಾನು. ಬೆಳಿಗ್ಗೆ ಮಂಜಿನಲ್ಲಿ ಲೈನ್ ಮನೆಯಿಂದ ತೋಟಕ್ಕೆ ನಡೆದು ಹೋಗೋ ಹೆಂಗಸಿನ ಎದೆ ಹೇಗೆ ಹೊಡ್ಕೊಳ್ಳುತ್ತೆ ಅಂತ ನನಗೆ ಗೊತ್ತು. ನಮ್ಮ ಚಿಕ್ಕಮ್ಮ ಒಂದು ಸಲ ಕಾಫಿ ಗಿಡದ ಬುಡದಲ್ಲಿ ಎರಡು ಗಂಟೆ ಉಸಿರು ಹಿಡಿದು ಕೂತಿದ್ದಳು. ಆ ದಿನದ ಅರ್ಧ ಕೂಲಿ ಮುರ್ಕೊಂಡರು, ಲೇಟು ಅಂತ. ಬಂಗಲೆ ಸುತ್ತ ಸೋಲಾರ್ ಬೇಲಿ ಇದೆ, ಓಡಾಡೋಕೆ ಜೀಪು ಇದೆ, ಆನೆ ಎಲ್ಲಿದೆ ಅಂತ ಮೊಬೈಲಿಗೆ ಮೆಸೇಜು ಬರುತ್ತೆ. ಲೈನ್ ಮನೆಯವಳಿಗೆ ಏನಿದೆ? ತೋಟದ ಯಜಮಾನನೂ ಕೂಲಿಯವಳೂ ‘ಆನೆ ಹಾವಳಿಗೆ ತುತ್ತಾದ ಜನ’ ಅಂತ ಒಂದೇ ಪಟ್ಟಿಯಲ್ಲಿ ಬರ್ತಾರೆ. ಒಂದೇ ಟೀಮು ಅಂತೆ!

ನಮ್ಮಜ್ಜ ಹಳು ನುಗ್ಗುತ್ತಿದ್ದೋನು. ಗೊತ್ತಿಲ್ಲದೋರಿಗೆ ಹೇಳ್ತೀನಿ. ಮಲೆನಾಡಿನ ಶಿಕಾರಿಯಲ್ಲಿ ಕೋವಿ ಹಿಡಿದೋನು ಬಿಲ್ಲಿಗೆ ಕೂರ್ತಾನೆ, ಅಂದ್ರೆ ಪ್ರಾಣಿ ಬರೋ ದಾರೀಲಿ ಕಾಯ್ತಾನೆ. ಕೋವಿ ಇಲ್ಲದೋರು ಪೊದೆಯೊಳಗೆ ನುಗ್ಗಿ, ಕೂಗಿ, ತಮಟೆ ಬಡಿದು ಪ್ರಾಣಿನ ಅವನ ಕಡೆ ಎಬ್ಬಿಸಬೇಕು. ಹಂದಿ ತಿರುಗಿ ಬಿದ್ರೆ ಮೊದಲು ಸಿಗೋನು ಹಳು ನುಗ್ಗೋನು. ಜೀವಮಾನ ಪೂರ್ತಿ ಅಜ್ಜನ ಕೈಗೆ ಕೋವಿ ಬರಲಿಲ್ಲ. ಗೇಮಿನಲ್ಲೂ ನಾಲ್ಕು ಜನಕ್ಕೆ ನಾಲ್ಕು ಕೆಲಸ ಇದೆ, ನಿಜ. ಆದರೆ ಮುಂದಿನ ಆಟಕ್ಕೆ ಕೆಲಸ ಬದಲಾಗುತ್ತೆ. ಜಾತಿ ಬರೀ ಕೆಲಸವನ್ನಲ್ಲ, ಕೆಲಸಗಾರರನ್ನೇ ಭಾಗ ಮಾಡಿಟ್ಟಿದೆ ಅಂತ ಬಾಬಾಸಾಹೇಬರು 1936ರಲ್ಲೇ ಹೇಳಿದ್ದು ಇದನ್ನೇ.

ಗೇಮಿನಲ್ಲಿ ಮ್ಯಾಗಿ ಅನ್ನೋ ಬೇಟೆಗಾರ್ತಿ ಇದ್ದಾಳೆ. ಅವಳ ಹತ್ತಿರ ಡೈಸಿ ಅಂತ ಒಂದು ಸಾಕುಪ್ರಾಣಿ. ಕಾಡಿನ ಪ್ರಾಣಿ, ಪಳಗಿಸಿದ್ದು. ಅದರ ಕೆಲಸ ವಾಸನೆ ಹಿಡಿದು ರಾಕ್ಷಸ ಇರೋ ಜಾಗಕ್ಕೆ ಬೇಟೆಗಾರರನ್ನ ಕರಕೊಂಡು ಹೋಗೋದು. ಡೈಸಿನ ನೋಡಿದ ಕೂಡ್ಲೇ ಲ್ಯಾಪ್‌ಟಾಪ್ ಮುಚ್ಚು ಅಂದೆ. ನನಗೆ ಅರ್ಜುನ ಕಣ್ಣಿಗೆ ಬಂದ.

ಅರ್ಜುನ ಕಾಕನಕೋಟೆ ಕಾಡಿನ ಆನೆ. 1968ರಲ್ಲಿ ಖೆಡ್ಡಾದಲ್ಲಿ ಹಿಡಿದದ್ದು. ಪಳಗಿಸಿದರು. 2012ರಿಂದ 2019ರವರೆಗೆ ಎಂಟು ದಸರಾದಲ್ಲಿ 750 ಕಿಲೋ ಅಂಬಾರಿ ಹೊರಿಸಿದರು. ಒಳಗೆ ಮಹಿಷನನ್ನ ಕೊಂದ ಚಾಮುಂಡಿಯ ಮೂರ್ತಿ. ವಯಸ್ಸಾಯ್ತು ಅಂತ ಅಂಬಾರಿ ಇಳಿಸಿದರು, ಆದರೆ ಕಾಡಾನೆ ಹಿಡಿಯೋ ಕೆಲಸ ಇಳಿಸಲಿಲ್ಲ. 2023ರ ಡಿಸೆಂಬರ್ 4ರಂದು ನಮ್ಮ ಯಸಳೂರು ಕಾಡಿನಲ್ಲಿ ಒಂದು ಕಾಡಾನೆ ಜೊತೆ ಕಾದಾಡಿ ಸತ್ತ. ಅಲ್ಲೇ ಮಣ್ಣು ಮಾಡಿದರು. ಅದಕ್ಕೆ ಮೂರು ತಿಂಗಳ ಹಿಂದೆ, ಆಗಸ್ಟ್ 31ರಂದು, ಆಲೂರು ತಾಲ್ಲೂಕಿನಲ್ಲಿ ಅರಿವಳಿಕೆ ಹೊಡೆಯೋಕೆ ಹೋದ ‘ಆನೆ ವೆಂಕಟೇಶ್’ ಕಾಡಾನೆ ದಾಳಿಗೆ ಜೀವ ಬಿಟ್ಟಿದ್ದರು. ಗೇಮಿನಲ್ಲಿ ಸತ್ತ ಬೇಟೆಗಾರ ಎರಡು ನಿಮಿಷಕ್ಕೆ ವಿಮಾನದಲ್ಲಿ ವಾಪಸ್ ಇಳೀತಾನೆ. ಇಲ್ಲಿ ಇಳಿಯಲ್ಲ. ಆನೆ ಮೇಲೆ ಕೂರೋ ಮಾವುತ, ಕಾವಾಡಿಗರಲ್ಲಿ ಹೆಚ್ಚಿನವರು ಜೇನುಕುರುಬರಂಥ ಆದಿವಾಸಿಗಳು. ಕಾಡಿಂದ ಹೊರಗೆ ಹಾಕಿಸ್ಕೊಂಡ ಜನರೇ ಕಾಡಿಂದ ಹೊರಗೆ ಎಳೆದ ಆನೆ ಮೇಲೆ ಕೂತು, ಕಾಡಲ್ಲಿ ಉಳಿದ ಆನೆ ಹಿಡೀಬೇಕು.

ಈ ಮಾತು ನಮಗೂ ತಾಗಬೇಕು. ಗಲಾಟೆ ಆದಾಗ ಮುಂದೆ ನಿಂತು ಕಲ್ಲು ಹೊಡೆಯೋಕೆ ನಮ್ಮ ಕೇರಿ ಹುಡುಗರನ್ನೇ ಕರೀತಾರೆ. ಕೊರಳಿಗೆ ಶಾಲು, ಕೈಗೆ ಬೈಕಿನ ಪೆಟ್ರೋಲು. ಆಮೇಲೆ ಕೇಸು ಅವರ ಮೇಲೆ, ಟಿಕೆಟ್ಟು ಇನ್ಯಾರಿಗೋ. ಹಳು ನುಗ್ಗಿದ್ದು ಸಾಕು ಅಂತ ಆ ಹುಡುಗರಿಗೆ ಹೇಳೋರು ಯಾರು? ನಾವು ಹೇಳ್ತಿದ್ದೀವಾ?

ನನ್ನ ಬೇಡಿಕೆ ದೊಡ್ಡದಲ್ಲ. ಆನೆ ಓಡಾಟ ಇರೋ ದಿನ ಬೆಳಕು ಹರಿದ ಮೇಲೆ ಕೆಲಸ ಶುರು ಮಾಡಿ, ಪೂರ್ತಿ ಕೂಲಿ ಕೊಡಿ. ತೋಟಕ್ಕೆ ಗಾಡೀಲಿ ಕರಕೊಂಡು ಹೋಗಿ. ಲೈನ್ ಮನೆಗೆ ದೀಪ, ಬಾಗಿಲ ಹತ್ತಿರವೇ ಶೌಚಾಲಯ ಕೊಡಿ. ಎಚ್ಚರಿಕೆ ಮೊಬೈಲಿಗಷ್ಟೇ ಅಲ್ಲ, ಲೈನಿಗೆ ಬಂದು ಕೂಗಿ ಹೇಳಿ. ಕಾಡಿನೊಳಗೆ ಮುಂದೆ ಹೋಗೋ ಮಾವುತ, ಕಾವಾಡಿ, ವಾಚರ್‌ಗೆ ಕಾಯಂ ಕೆಲಸ ಕೊಡಿ. ಆನೆಗೆ ಅದರ ದಾರಿ ಬಿಡಿ. ಹೆಚ್ಚು ಅಪಾಯ ಹೊತ್ತೋರಿಗೆ ಹೆಚ್ಚು ರಕ್ಷಣೆ, ಇದಕ್ಕೇ ಬ್ಯಾಲೆನ್ಸ್ ಅನ್ನೋದು. ‘ಎಲ್ಲರಿಗೂ ಒಂದೇ ನಿಯಮ’ ಅಂತ ಬಂಗಲೆಯಿಂದ ಹೇಳೋದು ಸುಲಭ.

ಹೊರಡೋ ದಿನ ಹುಡುಗ ಕೇಳಿದ, ‘ಮಾವ, ಇನ್ನೊಂದು ಆಟ?’ ಕೂತೆ. ಶುರುವಿಗೆ ಮುಂಚೆ ಆ ಗೇಮ್ ಒಂದು ಪ್ರಶ್ನೆ ಕೇಳುತ್ತೆ: ಈ ಐದರಲ್ಲಿ ನೀನು ಯಾರಾಗೋಕೆ ಇಷ್ಟ, ಮೊದಲು ಯಾವುದು, ಕೊನೆಗೆ ಯಾವುದು ಅಂತ.

ನಮ್ಮಜ್ಜನನ್ನ ಯಾರೂ ಕೇಳಿರಲಿಲ್ಲ.

ಜೈ ಭೀಮ್.