ಸೈಕಲ್ ತುಳಿತಕ್ಕೊಂದು ಅಳತೆಗೋಲು

ಶಾಲಾ ಕ್ರೀಡಾಕೂಟಗಳಲ್ಲಿ ಸೈಕಲ್ ಸ್ಪರ್ಧೆಯೆಂದರೆ ಮೊದಲು ಗೆರೆ ದಾಟಿದವನಿಗೆ ಬಹುಮಾನ. ಅಲ್ಲಿಗೆ ವಿಚಾರ ಮುಗಿಯಿತು. ಬಹುಮಾನಕ್ಕೆ ಅದು ಸಾಕು, ತರಬೇತಿಗೆ ಸಾಲದು. ಗುತ್ತಲಿನಿಂದ ಗದ್ದೆಬಯಲಿನ ರಸ್ತೆ ಹಿಡಿದ ಹುಡುಗನಿಗೆ ಎದುರುಗಾಳಿ ಸಿಕ್ಕರೆ ವೇಗ ಕುಸಿಯುತ್ತದೆ. ಹಿಂದಿರುಗುವಾಗ ಅದೇ ಗಾಳಿ ಅವನನ್ನು ಶೂರನನ್ನಾಗಿ ಮಾಡುತ್ತದೆ. ಎರಡು ಸಲವೂ ಕಾಲುಗಳು ಪಟ್ಟ ಶ್ರಮ ಒಂದೇ ಆಗಿರಬಹುದು. ನಾಡಿಬಡಿತವೂ ಪೂರ್ಣ ಸಾಕ್ಷಿಯಲ್ಲ: ಬಿಸಿಲಿಗೂ ಅಂಜಿಕೆಗೂ ಅದು ಏರುತ್ತದೆ, ಶ್ರಮ ಹೆಚ್ಚಿದಾಗ ತಡವಾಗಿ ಸ್ಪಂದಿಸುತ್ತದೆ.

ಕಾಲು ಆ ಕ್ಷಣದಲ್ಲಿ ಎಷ್ಟು ದುಡಿಯುತ್ತಿದೆಯೆಂಬುದನ್ನು ತಿಳಿಸುವುದು ವಿಜ್ಞಾನದ ಪಾಠದಲ್ಲಿ ಬರುವ ‘ಸಾಮರ್ಥ್ಯ’; ಅದರ ಮಾನ ವಾಟ್. 1980ರ ದಶಕದಲ್ಲಿ ಜರ್ಮನಿಯ ಎಂಜಿನಿಯರ್ ಉಲ್ರಿಖ್ ಷೋಬರರ್ ಇದನ್ನು ಸೈಕಲ್ಲಿನಲ್ಲೇ ಅಳೆಯುವ ಉಪಕರಣವನ್ನು ರೂಪಿಸಿದರು. ತುಳಿತಕ್ಕೆ ಲೋಹವು ಕಣ್ಣಿಗೆ ಕಾಣದಷ್ಟು ಬಾಗುವುದನ್ನು ಗ್ರಹಿಸಿ, ತಿರುಗುವ ವೇಗದೊಡನೆ ಗುಣಿಸುವುದು ಅದರ ತಂತ್ರ. ಅದರ ಬೆಲೆ ಇಂದಿಗೂ ಹಗುರವಲ್ಲ. ಸಾಮಾನ್ಯ ಸೈಕಲ್ಲಿಗೆ ಅದು ಹೊಂದುವುದೂ ಅಪರೂಪ.

ಆದರೆ ಉಪಕರಣವಿಲ್ಲವೆಂದು ಅಳತೆಯನ್ನೇ ಬಿಡಬೇಕಾಗಿಲ್ಲ. ಕಬ್ಬನ್ನು ತೂಕಕ್ಕೆ ಹಾಕದೆ ಬೆಲೆ ಕಟ್ಟದ ಜಿಲ್ಲೆಯಲ್ಲಿ ಮಕ್ಕಳ ಶ್ರಮವನ್ನು ಮಾತ್ರ ಕಣ್ಣಂದಾಜಿಗೆ ಬಿಡುವುದು ವಿಚಿತ್ರವೇ ಸರಿ. ಮೇಲುಕೋಟೆಯ ಬೆಟ್ಟದಂಥ ಒಂದು ಏರು, ಒಂದು ತಕ್ಕಡಿ, ಒಂದು ಗಡಿಯಾರ ಇದ್ದರೆ ಸಾಕು. 60 ಕಿಲೋ ತೂಕದ ಹುಡುಗ 20 ಕಿಲೋ ಸೈಕಲ್ಲಿನೊಡನೆ 100 ಮೀಟರ್ ಎತ್ತರವನ್ನು 8 ನಿಮಿಷದಲ್ಲಿ ಏರಿದನೆನ್ನೋಣ. ಗುರುತ್ವದ ವಿರುದ್ಧ ಅವನು ಮಾಡಿದ ಕೆಲಸ 78,400 ಜೂಲ್. 480 ಸೆಕೆಂಡುಗಳಿಂದ ಭಾಗಿಸಿದರೆ ಸುಮಾರು 163 ವಾಟ್. 40 ಕಿಲೋ ತೂಕದ ಹುಡುಗಿ ಅಂಥದೇ ಸೈಕಲ್ಲಿನಲ್ಲಿ ಅಷ್ಟೇ ಹೊತ್ತಿಗೆ ಏರಿದರೆ ಅವಳದು 122 ವಾಟ್. ಆದರೆ ದೇಹದ ಪ್ರತಿ ಕಿಲೋಗೆ ಅವನದು 2.7, ಅವಳದು 3. ಗಾಳಿಯೊಡನೆಯೇ ಸೆಣಸಬೇಕಾದ ಬಯಲಿನ ಸ್ಪರ್ಧೆಯಲ್ಲಿ ಅವನು ಮುಂದಾಗುತ್ತಾನೆ, ಅವಳ ಹೆಸರು ಪಟ್ಟಿಯಿಂದ ಬಿಡುತ್ತದೆ. ನಷ್ಟವಾಗುವುದು ಇಲ್ಲಿಯೇ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ನಾಡಿಗೆ ಸೈಕಲ್ ಪಟುಗಳನ್ನು ಕೊಟ್ಟಿವೆ. ಮಂಡ್ಯದಲ್ಲಿಯೂ ಅಂಥವರು ಇದ್ದು, ಯಾರ ಕಣ್ಣಿಗೂ ಬೀಳದೆ ಶಾಲೆ ಬಿಟ್ಟಿರಬಹುದು.

ಅಂಕಿ ದೊರೆತ ಮೇಲೆ ಅದರ ಬಳಕೆ ಬೇರೆಯೇ ವಿದ್ಯೆ. ಉಪಕರಣವುಳ್ಳವರು 20 ನಿಮಿಷ ಶಕ್ತಿಮೀರಿ ತುಳಿದು ಬಂದ ಸರಾಸರಿಯಲ್ಲಿ ಶೇಕಡ 95ನ್ನು, ಸುಮಾರು ಒಂದು ಗಂಟೆ ತಾಳಬಲ್ಲ ಮಿತಿಯೆಂದು ಎಣಿಸುತ್ತಾರೆ. ಸರಾಸರಿ 160 ಆದರೆ ಮಿತಿ 152. ದೀರ್ಘಸವಾರಿಯ ದಿನ ಅದರ ಮುಕ್ಕಾಲು ಭಾಗ, ಅಂದರೆ 114 ವಾಟ್ ದಾಟಬಾರದು. ಹೊಸಬರು ತಪ್ಪುವುದು ಇಲ್ಲಿಯೇ: ಹಗುರ ದಿನ ಪಂತಕ್ಕೆ ಬಿದ್ದು ದಣಿಯುತ್ತಾರೆ, ಕಠಿಣ ದಿನ ಕಾಲು ಏಳುವುದಿಲ್ಲ.

ದಾನಿಗಳು ಬೆಲೆಬಾಳುವ ಸೈಕಲ್ ಕೊಡಿಸಲು ಮುಂದಾದರೆ ಸಂತೋಷವೇ. ಅದಕ್ಕೆ ಮೊದಲು ದೈಹಿಕ ಶಿಕ್ಷಣದ ಅಧ್ಯಾಪಕರೂ ವಿಜ್ಞಾನದ ಅಧ್ಯಾಪಕರೂ ಕೂಡಿ ಒಂದು ದಪ್ಪ ಪುಸ್ತಕ ತೆರೆಯಲಿ. ತಿಂಗಳಿಗೊಮ್ಮೆ ಅದೇ ಏರು, ಅದೇ ಸೈಕಲ್, ಚಕ್ರದಲ್ಲಿ ಅಷ್ಟೇ ಗಾಳಿ. ತೂಕ, ಹೊತ್ತು, ವಾಟ್ ಮೂರನ್ನೂ ಮಕ್ಕಳೇ ಲೆಕ್ಕ ಮಾಡಿ ಬರೆಯಲಿ.