ಹೈನಿನ ಲೆಕ್ಕದಲ್ಲಿ ಗೋಮಯ

ದನವೆಂಬುದು ಧನಶಬ್ದದ ತದ್ಭವ. ಹೈನುಳ್ಳ ಮನೆಯೇ ಸಿರಿವಂತರ ಮನೆಯೆಂಬ ಎಣಿಕೆಯಿದ್ದ ಕಾಲದಲ್ಲಿ ಆ ಸಿರಿಗೆ ಗುರುತು ಹಾಲಿನ ಕೊಡವೊಂದೇ ಆಗಿರಲಿಲ್ಲ. ಹಿತ್ತಲಿನ ತಿಪ್ಪೆಯ ಎತ್ತರವೂ ಆಗಿದ್ದಿತು. ಇಂದು ತಿಪ್ಪೆಯೆಂಬ ಮಾತು ಬೈಗುಳಕ್ಕೆ ಇಳಿದಿದೆ. ಶಬ್ದದ ಈ ಪತನದೊಡನೆ ಹೈನುಗಾರಿಕೆಯ ಅರ್ಧಾಂಗವೇ ಲೆಕ್ಕದಿಂದ ಜಾರಿಹೋಯಿತೆನ್ನಬೇಕು.

1970ರಲ್ಲಿ ದೇಶದಲ್ಲಿ ಮೊದಲಾದ ಕ್ಷೀರಕ್ರಾಂತಿಯೂ, 1974ರಿಂದ ಕರ್ನಾಟಕದಲ್ಲಿ ಹಬ್ಬಿದ ಹಾಲು ಉತ್ಪಾದಕರ ಸಹಕಾರ ಸಂಘಗಳೂ ಬಡವರ ಮನೆಗೆ ವರ್ಷವಿಡೀ ರೊಕ್ಕ ತಂದವು. ಅದನ್ನು ಹಳಿಯುವುದು ಕೃತಘ್ನತೆ. ಆದರೆ ಸಂಘವು ಅಳೆಯುವುದು ಹಾಲನ್ನೂ ಅದರ ಗುಣಮಟ್ಟವನ್ನೂ ಮಾತ್ರ. ಕೋಲಾರದಂತಹ ಬರಸೀಮೆಯಲ್ಲಿ ಹಸಿಮೇವಿಗಾಗಿ ಪಾತಾಳದಿಂದೆತ್ತಿದ ಕೊಳವೆಬಾವಿಯ ನೀರು, ಹೊಲಕ್ಕೆ ಮರಳದ ಸಗಣಿ, ಅದರ ಬದಲಿಗೆ ಕೊಂಡು ತಂದ ಯೂರಿಯಾ, ಇವು ಯಾವ ಪುಸ್ತಕದಲ್ಲಿಯೂ ಬರೆಯಲ್ಪಡುವುದಿಲ್ಲ.

ಮೆಲುಕು ಹಾಕುವ ಪ್ರಾಣಿಯ ಉದರದಲ್ಲಿ ಮೇವು ಕಳಿಯುವಾಗ ಮೀಥೇನ್ ಎಂಬ ಅನಿಲ ಹುಟ್ಟಿ ತೇಗಿನೊಡನೆ ಹೊರಬೀಳುತ್ತದೆ. ನೂರು ವರ್ಷಗಳ ಗಣನೆಯಲ್ಲಿ ಅದು ತೂಕಕ್ಕೆ ತೂಕ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚಾಗಿ ಭೂಮಿಯನ್ನು ಕಾಯಿಸುವಂಥದು. ತೇಗನ್ನು ತಡೆಯುವುದು ಸುಲಭಸಾಧ್ಯವಲ್ಲ. ಸಮತೂಕದ ಮೇವಿನಿಂದ ಕೊಂಚ ತಗ್ಗೀತು. ಆದರೆ ನೀರಿನೊಡನೆ ಗುಂಡಿಯಲ್ಲಿ ನಿಂತು ಕೊಳೆಯುವ ಸಗಣಿಯಿಂದ ಏಳುವ ಅದೇ ಅನಿಲವನ್ನು ಹಿಡಿದು ಒಲೆಗೆ ಹಾಯಿಸುವುದು ಮನುಷ್ಯನ ಕೈಯಲ್ಲಿದೆ. ಉಳಿದ ಬಗ್ಗಡ ಹೊಲಕ್ಕೆ ಉತ್ತಮ ಗೊಬ್ಬರ.

ಹಾಗಿದ್ದರೆ ಮನೆಮನೆಗೂ ಗೋಬರ್ ಗ್ಯಾಸ್ ಏಕಿಲ್ಲ? ಉತ್ತರ ಬರಿಯ ಅಂಕಗಣಿತ. 2 ಘನಮೀಟರಿನ ತೊಟ್ಟಿಗೆ ದಿನಕ್ಕೆ ಸುಮಾರು 50 ಕಿಲೋ ಸಗಣಿ ಬೇಕು. ಒಂದು ಹಸುವಿನಿಂದ ದೊರೆಯುವುದು 10ರಿಂದ 15 ಕಿಲೋ. ಒಂದೆರಡು ಹಸುಗಳ ಒಡೆಯನಿಗೆ, ಸಹಾಯಧನವೆಷ್ಟೇ ಬರಲಿ, ಆ ತೊಟ್ಟಿ ಹಸಿದ ಹೊಟ್ಟೆಯೇ ಸರಿ. ಆದುದರಿಂದ ಹಾಲಿನಂತೆ ಸಗಣಿಯೂ ಊರೊಟ್ಟಿನಲ್ಲಿ ಸೇರಬೇಕು.

ಇದು ಕನಸಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ ‘ಅಸ್ತ್ರ’ ಕೇಂದ್ರದ ವಿಜ್ಞಾನಿಗಳು ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಇಂತಹ ಸಾಮೂಹಿಕ ಸ್ಥಾವರವನ್ನು ಕಟ್ಟಿದರು. ಊರಿಗೆಲ್ಲ ಅಡುಗೆ ಅನಿಲ ಕೊಡಬೇಕೆಂಬ ಮೊದಲ ಯತ್ನ ಫಲಿಸಲಿಲ್ಲ, ಸಗಣಿ ಸಾಲದು. ಆಮೇಲೆ ಆ ಅನಿಲದಿಂದ ಎಂಜಿನ್ ನಡೆಸಿ, 1987ರಿಂದ ಮನೆಗಳಿಗೆ ದೀಪವನ್ನೂ ಕುಡಿಯಲು ಕೊಳವೆಬಾವಿಯ ನೀರನ್ನೂ ಒದಗಿಸಿದರು. ಸಗಣಿಯನ್ನು ತೂಗಿ ಕಿಲೋಗೆ 2 ಪೈಸೆ ಕೊಡುತ್ತಿದ್ದರು. ಬಗ್ಗಡವನ್ನು ತಂದವರಿಗೇ ಹಿಂದಿರುಗಿಸುತ್ತಿದ್ದರು. ಎರಡು ಪೈಸೆಯೆಂದು ನಗುವವರುಂಟು. ಸಗಣಿಗೂ ಒಂದು ತಕ್ಕಡಿ, ಒಂದು ಲೆಕ್ಕದ ಪುಸ್ತಕ ಬಂದಿತಲ್ಲ, ಅದರ ಬೆಲೆ ನಗುವವರಿಗೆ ತಿಳಿಯದು.

ಹಾಲಿನ ಸಂಘಗಳು ಈ ಕಾರ್ಯವನ್ನು ಕೈಗೊಳ್ಳುವುದು ಯುಕ್ತ. ಕಟ್ಟಡವಿದೆ, ಗುಮಾಸ್ತನಿದ್ದಾನೆ, ದಿನಕ್ಕೆರಡು ಸಲ ಊರೇ ಅಲ್ಲಿಗೆ ಬರುತ್ತದೆ. ಆದರೆ ಸಗಣಿ ಬಾಚಿ ಹೊರುವವಳು ಬಹುಪಾಲು ಮನೆಗಳಲ್ಲಿ ಹೆಂಗಸೇ. ಹಣ ಅವಳ ಹೆಸರಿಗೇ ಜಮೆಯಾಗಲಿ. ಇಲ್ಲವಾದಲ್ಲಿ ಹೊರೆ ಅವಳದು, ಬಟವಾಡೆ ಗಂಡನದು.

ಮಠಗಳ ಪ್ರಸಾದನಿಲಯಗಳಿಗಂತೂ ಆ ಅಂಕಗಣಿತದ ತೊಡಕೇ ಇಲ್ಲ. ಹತ್ತಾರು ಹಸುಗಳ ಗೋಶಾಲೆ, ನೂರಾರು ಮಕ್ಕಳಿಗೆ ಬೇಯುವ ಅಡುಗೆ ಒಂದೇ ಆವರಣದಲ್ಲಿರುವಲ್ಲಿ ಸಿಲಿಂಡರಿಗೆ ಹಣ ತೆರುತ್ತಿರುವುದೇಕೆ? ಗೋದಾನಕ್ಕೆ ಮುಂದಾಗುವ ದಾನಿಗಳು ಒಮ್ಮೆ ಅನಿಲದ ತೊಟ್ಟಿಯನ್ನೂ ದಾನವಾಗಿ ಕಟ್ಟಿಸಿಕೊಡಬಹುದು. ಫಲಕದಲ್ಲಿ ಹೆಸರು ಕೆತ್ತಿಸಲು ಅಲ್ಲಿಯೂ ಸ್ಥಳವಿದೆ.